ಬೆಳ್ಳಿ ಹಸ್ತದ ಒಡೆಯ

ಸ್ಪರ್ಶಲೇಖಿ ಯಂತ್ರವು ಆ ಮುಂಜಾನೆ ಒಂದೇ ಗಂಟೆಯಲ್ಲಿ ನಾಲ್ಕು ಸಾವಿರ ವ್ಯಾಜ್ಯಗಳನ್ನು ತೀರ್ಮಾನಿಸಿ, ಸಾಲದ್ದಕ್ಕೆ ಎದುರು ನಿಂತಿದ್ದ ಜವಾನನ ಚಪ್ಪಲಿಯ ಮೊಳೆ ಅವನದಲ್ಲವೆಂದೂ ಸಾರಿತ್ತು. ರಾಯಚೂರಿನ ಬಿಸಿಲಿಗೆ ಕಾಗೆಗಳು ಹಾರುತ್ತಲೇ ಹುರಿದು ಬೀಳುತ್ತಿದ್ದ ಕಾಲವದು. ಗಣಿಗಳು ಬರಿದಾಗಿ, ಲೋಹದ ಚಮಚವಿದ್ದವನೇ ಸಾಹುಕಾರ. ಅವನ ಬಾಗಿಲಲ್ಲಿ ಕಳ್ಳರು ಸರದಿ ನಿಲ್ಲುತ್ತಿದ್ದರು.

ಅವರನ್ನು ಅಡಗಿಸಲೆಂದೇ ವಿಜ್ಞಾನಿ ವೈಜಯಂತಿ ಕೆಂಭಾವಿ ಈ ಯಂತ್ರ ಕಟ್ಟಿದ್ದರು. ಮುಟ್ಟಿದವರ ಬೆವರು, ಚರ್ಮದ ಕಣಗಳು ಲೋಹದ ಸೂಕ್ಷ್ಮ ಬಿರುಕುಗಳಲ್ಲಿ ಉಳಿಯುತ್ತವೆ, ತೊಳೆದರೂ ಹೋಗುವುದಿಲ್ಲ. ಈ ಸ್ಪರ್ಶಪದರಗಳನ್ನು ಯಂತ್ರ ಓದುತ್ತದೆ. ಯಾರ ಪದರ ಹೆಚ್ಚೋ ವಸ್ತು ಅವರದು. ಲೋಹವನ್ನು ದಾನ ಕೊಡುವುದಕ್ಕೂ ನಿಷೇಧವಿತ್ತು, ಏಕೆಂದರೆ ಸಿಕ್ಕಿಬಿದ್ದ ಪ್ರತಿಯೊಬ್ಬ ಕಳ್ಳನೂ ‘ದಾನ ಬಂದದ್ದು’ ಎನ್ನುತ್ತಿದ್ದ. ಹೀಗಾಗಿ ಕದ್ದದ್ದನ್ನು ಮರಳಿಸಲೂ ಯಂತ್ರದ ತೀರ್ಪೇ ಬೇಕಿತ್ತು.

ಆ ದಿನ ಯಂತ್ರದ ಮುಂದೆ ಬಂದವನು ಹುಲಿಗೆಪ್ಪ. ಓಡುವ ರೈಲಿನ ಗಾಲಿ ಬಿಚ್ಚಿ, ರೈಲು ಮುಂದಿನ ಸ್ಟೇಷನ್ ಮುಟ್ಟುವಷ್ಟರಲ್ಲಿ ಮಾರಿ ಬಂದಿದ್ದ ಮಹಾನುಭಾವ. ಹನ್ನೊಂದು ವರ್ಷದಿಂದ ಮಾತ್ರ ಒಂದು ಸೂಜಿಯನ್ನೂ ಕದ್ದಿರಲಿಲ್ಲ. ಅವನ ಕೊನೆಯ ಕಳವು ಒಂದು ಪಂಜಾ. ಮೊಹರಂನಲ್ಲಿ ಕೋಲಿನ ತುದಿಗೆ ಕಟ್ಟಿ ಕೂರಿಸುವ ಬೆಳ್ಳಿಯ ಹಸ್ತ. ಅದನ್ನು ಕಾಯುತ್ತಿದ್ದ ಮನೆತನದ ಮುದುಕಿ ಮೋದಿನಬಿಯನ್ನು ಅವನೇ ಕರೆತಂದಿದ್ದ. ಪಂಜಾ ಅವಳಿಗೆ ಮುಟ್ಟಬೇಕು, ಅವಳ ಬಾಯಿಂದ ‘ಮಾಫ್’ ಎಂಬ ಒಂದು ಮಾತು ಬರಬೇಕು. ಆಮೇಲೆ ಸತ್ತರೂ ಸರಿಯೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ.

ಯಂತ್ರ ಪಂಜಾವನ್ನು ನುಂಗಿ ಉಗುಳಿತು. ಒಡೆಯ ಹುಲಿಗೆಪ್ಪ. ಬೇರೆ ಯಾರ ಸ್ಪರ್ಶವೂ ಇಲ್ಲ.

ಕೆಂಭಾವಿಯವರು ನೂರೊಂದು ಸಲ ಪರೀಕ್ಷಿಸಿದರು. ಉತ್ತರ ಬದಲಾಗಲಿಲ್ಲ. ಪಂಜಾ ಆರು ತಲೆಮಾರಿನಿಂದ ತಮ್ಮ ಮನೆಯದೆಂದು ಮುದುಕಿ ಆಣೆ ಮಾಡಿದಳು.

“ಹಂಗಾದ್ರ ನಿಮ್ಮ ಮಂದಿ ಕೈಗುರುತು ಯಾಕಿಲ್ಲಮ್ಮ?” ಎಂದರು ಕೆಂಭಾವಿಯವರು.

“ನಾವು ಬರೀ ಕೈಲೆ ಮುಟ್ಟಂಗಿಲ್ರಿ. ಹಸುರು ವಸ್ತ್ರ ಸುತ್ಗೊಂಡೇ ಹಿಡಿಯೋದು. ನಮ್ಮ ಮುತ್ತಜ್ಜನೂ ಮುಟ್ಟಿಲ್ಲ.”

ಹುಲಿಗೆಪ್ಪನ ಪದರಗಳು ಇಷ್ಟೊಂದು ಹೇಗೆಂದು ಕೆಂಭಾವಿಯವರು ಕೇಳಿದಾಗ, ಅವನ ಮುಖ ಅರಳಿತು. ತನ್ನ ಪಶ್ಚಾತ್ತಾಪಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತೆಂದು ಭಾವಿಸಿ ಹೇಳಿದ: “ಪ್ರತಿ ಗುರುವಾರ ಹುಣಸೆಹಣ್ಣು ಹಚ್ಚಿ ತಿಕ್ಕೀನ್ರಿ. ಎದಿಗೆ ಒತ್ಗೊಂಡು ಅತ್ತೀನಿ. ಈ ಅವ್ವನ ಮನ್ಯಾಗಿದ್ದದ್ದಕ್ಕಿಂತ ಹೊಳೀತದ ಈಗ.”

ಮೋದಿನಬಿ ಅವನತ್ತ ತಿರುಗಿದಳು. “ಬರೀ ಕೈಲೆ?”

“ಹೂಂ ಅವ್ವಾ.”

“ಕದ್ದದ್ದಕ್ಕ ನಾ ಎಂದೋ ಮಾಫ್ ಮಾಡಿದ್ನೋ. ಹಸಿದಿದ್ದಿ. ಇದಕ್ಕ ಹೆಂಗ ಮಾಡ್ಲಿ?”

ಕೆಂಭಾವಿಯವರು ಒಂದು ಉಪಾಯ ಸೂಚಿಸಿದರು. ದಿನಾಲೂ ಇಲ್ಲಿಗೆ ಬಂದು, ಎರಡು ವರ್ಷ ಪಂಜಾವನ್ನು ಅಂಗೈಯಲ್ಲಿ ಉಜ್ಜಿದರೆ ಮುದುಕಿಯೇ ಒಡತಿಯಾಗುತ್ತಾಳೆ. ಮೋದಿನಬಿ ಎದ್ದು ಹೋದಳು.

“ನನ್ನ ಕಳ್ಳ ಅಂತ ಬರ್ಕೊಳ್ರಿ, ಮೇಡಮ್ಮೋರ,” ಎಂದು ಹುಲಿಗೆಪ್ಪ ಕಾಲಿಗೆ ಬಿದ್ದ.

“ನಿನ್ನ ವಸ್ತು ನೀನೇ ಕದಿಯಾಕ ಬರಂಗಿಲ್ಲಪ್ಪ,” ಎಂದರು ವಿಜ್ಞಾನಿ.

ಅವನು ಪಂಜಾವನ್ನು ಗುಟ್ಟಾಗಿ ಮುದುಕಿಯ ಹೊಸ್ತಿಲಲ್ಲಿಟ್ಟು ಬಂದ. ಗಂಟೆಯೊಳಗೆ ಯಂತ್ರ ಹೇಳಿದ ಒಡೆಯನಿಗೆ ಲೋಹ ಮರಳಿಸುವ ಸರಕಾರಿ ಗಾಡಿ ಅದನ್ನು ಅವನಿಗೇ ತಂದು ಕೊಟ್ಟಿತು. ಒಣಗಿದ ಕೃಷ್ಣೆಯ ಒಡಲಲ್ಲಿ ಎಪ್ಪತ್ತು ಆಳು ಆಳ ತೋಡಿ ಹೂತ. ಅವನು ಮನೆ ಮುಟ್ಟುವ ಮೊದಲೇ ಅದು ಬಂದು ಕೂತಿತ್ತು.

ಮೊಹರಂ ಬಂತು. ಹಸುರು ಬಟ್ಟೆ ಸುತ್ತಿದ ಬರೀ ಕೋಲನ್ನೇ ಜನ ಹೊರಡಿಸಿದರು. ವಾಡಿಕೆಯಂತೆ ಅದು ಪ್ರತಿ ಮನೆಯ ಮುಂದೆಯೂ ನಿಂತಿತು. ಹುಲಿಗೆಪ್ಪನ ಮನೆಯ ಮುಂದೆಯೂ ನಿಂತಿತು. ಅವನು ತನ್ನ ಪಾಲಿನ ತಿಂಗಳ ನೀರನ್ನೆಲ್ಲ ಸುರಿದು ಮಾಡಿದ ಶರಬತ್ತು ತಂದ. ಕೋಲಿನ ಜೊತೆಗಿದ್ದ ಮೋದಿನಬಿ ಲೋಟ ತೆಗೆದುಕೊಂಡು ಕುಡಿದಳು, ಉಳಿದವರಿಗೂ ಹಂಚಿದಳು. ಅಷ್ಟಕ್ಕೇ ಧೈರ್ಯಗೊಂಡು ಅವನು ಕೋಲಿನತ್ತ ಕೈ ಚಾಚಿದ.

“ಕೈ ಮುಗಿ,” ಎಂದಳು ಮುದುಕಿ, ಮೆಲ್ಲಗೆ. “ಮುಟ್ಟಬ್ಯಾಡ.”