ಆರುನೂರು ಗಜದ ಸುಳ್ಳು

ಶನಿವಾರ, ಅಕ್ಟೋಬರ್ 26. ಬೆಳಿಗ್ಗೆ 7 ಗಂಟೆ 52 ನಿಮಿಷಕ್ಕೆ ಮೊಂಟಾನಾದ ಸ್ಟಿಲ್‌ವೆಲ್ ಕೌಂಟಿಯ ಶೆರಿಫ್ ಠಾಣೆಗೆ ಫೋನು ಬಂತು. ಅಂದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಮೊದಲ ದಿನ. ಕೋವಿ ಹಿಡಿಯದೆ ಊರಲ್ಲಿ ಉಳಿದವರೆಂದರೆ ಬಾಣಂತಿಯರು ಮತ್ತು ಸ್ಮಶಾನದಲ್ಲಿ ಮಲಗಿದವರು. ಬಾಣಂತಿಯರಲ್ಲೂ ಒಬ್ಬಿಬ್ಬರು ಹೊರಟುಹೋಗಿದ್ದರು. ಚಳಿಯೋ, ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗಿ ಟಣ್ಣೆನ್ನುತ್ತಿತ್ತು.

ಫೋನು ಮಾಡಿದವಳು ಬೇಟೆ ಶಿಬಿರದ ಅಡುಗೆಯವಳು ನೋನಾ ಪರ್ಡಿ. "ನಮ್ಮಲ್ಲಿಗೆ ಬೇಟೆಗೆ ಬಂದ ವೇಡ್ ಟಾಲಿವರ್‌ಗೆ ಗುಂಡು ಬಿದ್ದಿದೆ. ಸತ್ತಿದ್ದಾನೆ. ಆಂಬುಲೆನ್ಸ್ ನಿಧಾನಕ್ಕೇ ಬರಲಿ."

8.40ಕ್ಕೆ ಸಾರ್ಜೆಂಟ್ ಗ್ರೆಟಾ ಹೌಗೆನ್ ಶಿಬಿರ ತಲುಪಿದಳು. ಜೊತೆಗೆ ಡೆಪ್ಯುಟಿ ಮಿಲ್ಟ್ ಕ್ವಿಗ್ಲಿ. ಮಿಲ್ಟ್ ಎಷ್ಟು ಉದ್ದವೆಂದರೆ ಅವನ ಟೋಪಿಯ ಮೇಲೆ ಬಿದ್ದ ಹಿಮ ಬೂಟಿಗೆ ಇಳಿಯುವಷ್ಟರಲ್ಲಿ ಬೇಸಿಗೆ ಬಂದಿರುತ್ತಿತ್ತು.

ಮಹಜರಿನಲ್ಲಿ ಗ್ರೆಟಾ ಬರೆದದ್ದು ಇಷ್ಟು. ಶವ ಬೆಂಕಿಯ ಪಕ್ಕದಲ್ಲಿದೆ. ಹೊಟ್ಟೆಯಲ್ಲಿ ಒಂದು ರಂಧ್ರ, ಕಿರುಬೆರಳಿನ ಗಾತ್ರ. ಗುಂಡು ಹೊರಬಿದ್ದ ಗುರುತಿಲ್ಲ. ಸುತ್ತಲಿನ ಹಿಮವನ್ನು ಮೃತನು ಮಣ್ಣು ಕಾಣುವವರೆಗೆ ಕೆರೆದಿದ್ದಾನೆ, ಮೂರು ಉಗುರು ಕಿತ್ತುಬಂದಿವೆ.

"ಎಷ್ಟು ಹೊತ್ತು ಜೀವ ಇತ್ತು?"

"ಹನ್ನೊಂದು ನಿಮಿಷ," ಎಂದಳು ನೋನಾ. "ಗಡಿಯಾರ ನೋಡ್ತಾನೇ ಇದ್ದೆ. ಬೇರೆಲ್ಲಿ ನೋಡಬೇಕು ಅಂತ ಗೊತ್ತಾಗ್ಲಿಲ್ಲ."

ಶಿಬಿರದ ಒಡೆಯ ಅರ್ಲಿನ್ ಬ್ರಾಂಟ್ ಮೇಲಿನ ಕಾಡಿನಿಂದ ಓಡಿಬಂದಿದ್ದ. ತೋಟಾಗಳನ್ನು ಕೈಯಾರೆ ತುಂಬುವುದರಲ್ಲಿ ಮೂರು ರಾಜ್ಯಗಳಲ್ಲಿ ಅವನಿಗೆ ಸಾಟಿಯಿರಲಿಲ್ಲ. ಅವನು ಮದ್ದು ತೂಗುವಾಗ ನೊಣಗಳೂ ಉಸಿರು ಬಿಗಿಹಿಡಿಯುತ್ತಿದ್ದವಂತೆ. ಅವನು ಎದುರಿನ ದಿಬ್ಬದತ್ತ ಕೈ ತೋರಿದ.

"ಅಲ್ಲಿಂದ ಬಂದಿದೆ, ಸಾರ್ಜೆಂಟ್. ಆರುನೂರು ಗಜ. ಓರ್ವಿಲ್ ಸ್ಕಗ್ಸ್ ವರ್ಷಾ ವರ್ಷ ಅಲ್ಲೇ ಕೂರೋದು."

ಓರ್ವಿಲ್ ಶಾಲೆ ಬಸ್ಸಿನ ಚಾಲಕ, ಅರವತ್ತೊಂದು ವಯಸ್ಸು. 10.15ಕ್ಕೆ ದಿಬ್ಬದ ಮೇಲೇ ಸಿಕ್ಕ.

"ಎಷ್ಟು ಸಲ ಹೊಡೆದೆ?" ಎಂದಳು ಗ್ರೆಟಾ.

"ಮೂರೋ ನಾಲ್ಕೋ. ಎಲ್ಕ್ ಓಡ್ತಾ ಇತ್ತು. ಯಾಕೆ?"

ಮಿಲ್ಟ್ ವಿಷಯ ಹೇಳಿದ. ಓರ್ವಿಲ್ ಕೋವಿಯನ್ನು ಅವನ ಕೈಗಿಟ್ಟ. "ಹಾಗಾದ್ರೆ ನಾನೇ. ಬರ್ಕೊಳ್ಳಿ, ನಾನೇ ಕೊಂದೆ."

ಭಾನುವಾರ 11 ಗಂಟೆಗೆ ಶವಪರೀಕ್ಷೆಯಲ್ಲಿ ಗುಂಡು ಬೆನ್ನುಮೂಳೆಯಲ್ಲಿ ಸಿಕ್ಕಿತು. ಮೂಳೆಗೆ ಉಜ್ಜಿ ಅದರ ಮೈಮೇಲೆ ಕೋವಿಯ ನಳಿಕೆ ಮೂಡಿಸಿದ ಗೆರೆಗಳೆಲ್ಲ ಅಳಿಸಿದ್ದವು. ಯಾವ ಕೋವಿಯದೆಂದು ಹೇಳಲು ದಾರಿಯಿರಲಿಲ್ಲ. ಆ ಕೌಂಟಿಯಲ್ಲಿ ಅದೇ ಅಳತೆಯ ಕೋವಿ ಹಲ್ಲುಜ್ಜುವ ಬ್ರಷ್ಷಿಗಿಂತ ಹೆಚ್ಚಿದ್ದವು. ಗ್ರೆಟಾ ಅರ್ಲಿನ್‌ನನ್ನೇ ಕರೆಸಿ ಕೇಳಿದಳು.

"ಇದು ಸರಿಯಾಗಿ ಅರಳಿಲ್ಲ ನೋಡಿ," ಎಂದ ಅವನು, ಗುಂಡನ್ನು ಬೆಳಕಿಗೆ ಹಿಡಿದು. "ಹತ್ತಿರದಿಂದ ಹೊಡೆದ್ರೆ ಸೆಕೆಂಡಿಗೆ ಎರಡು ಸಾವಿರದ ಏಳ್ನೂರು ಅಡಿ ವೇಗ. ಸೀಸ ಅಣಬೆ ಥರ ಅರಳಿ ಒಳಗಿದ್ದದ್ದನ್ನೆಲ್ಲ ಗಂಜಿ ಮಾಡುತ್ತೆ. ಆರುನೂರು ಗಜ ಬರೋಷ್ಟರಲ್ಲಿ ಸಾವಿರದ ಏಳ್ನೂರು ಉಳಿಯುತ್ತೆ. ಮೂತಿ ಒಂಚೂರು ಬಿಚ್ಚುತ್ತೆ, ಅಷ್ಟೇ. ಸಾಯೋದು ನಿಧಾನ. ಅದಕ್ಕೇ ನಾನು ಇನ್ನೂರು ಗಜ ದಾಟಿ ಹೊಡೆಯಲ್ಲ. ದೂರದಿಂದ ಹೊಡೆಯೋರು ಬೇಟೆಗಾರರಲ್ಲ, ಕಸಾಯಿಗಳು."

ವರದಿಗೆ ಅಷ್ಟು ಸಾಕಿತ್ತು. ಆದರೆ 3.20ಕ್ಕೆ ಲಾಕಪ್ಪಿನಿಂದ ಮಿಲ್ಟ್ ಕೂಗಿದ. ಓರ್ವಿಲ್ ತನ್ನ ಅಂಗಿಯನ್ನೇ ಹುರಿ ಮಾಡಿ ಕಂಬಿಗೆ ನೇತುಬಿದ್ದಿದ್ದ. ಮಿಲ್ಟ್ ಅವನನ್ನು ಎತ್ತಿಹಿಡಿದ, ಗ್ರೆಟಾ ಹಲ್ಲಿನಿಂದ ಗಂಟು ಬಿಚ್ಚಿದಳು. ಮುಖ ನೇರಳೆಯಾಗಿತ್ತು, ನಾಲಿಗೆ ಕಚ್ಚಿಹೋಗಿತ್ತು.

"ನಾಳೆ ಹತ್ತಕ್ಕೆ ಜಡ್ಜ್ ಮುಂದೆ ಒಪ್ಕೋತೀನಿ," ಎಂದು ಅವನು ರಕ್ತ ಉಗುಳಿದ. "ಅಲ್ಲೀತನಕ ಯಾಕೆ ಉಳಿಸಿದ್ರಿ?"

ಗ್ರೆಟಾ ನೇರ ನೋನಾಳ ಮನೆಗೆ ಹೋದಳು. ಒಪ್ಪಿಕೊಂಡವನ ಕತೆ ಅಷ್ಟಕ್ಕೇ ಮುಗಿಯುತ್ತದೆ, ಜೈಲಿನಲ್ಲೋ ಹಗ್ಗದಲ್ಲೋ. ಅದಕ್ಕೆ ಮೊದಲು ಎಲ್ಲವನ್ನೂ ಇನ್ನೊಮ್ಮೆ ಕೇಳಬೇಕಿತ್ತು.

"ವೇಡ್ ಬಿದ್ದಾಗ ನೀನೆಲ್ಲಿದ್ದೆ?"

"ಅವನ ಮುಂದೇ. ಕಾಫಿ ಬಗ್ಗಿಸ್ತಿದ್ದೆ."

"ಏನೇನು ಕೇಳಿಸ್ತು?"

"ದಿಬ್ಬದ ಕಡೆಯಿಂದ ಢಂ ಢಂ. ಅದು ನಿಂತು ಸ್ವಲ್ಪ ಹೊತ್ತಾದ್ಮೇಲೆ ಟಪ್ ಅಂತ ಒಂದು. ಇವನು ಬಿದ್ದ."

"ಟಪ್ ಮೊದಲೋ, ಬಿದ್ದದ್ದು ಮೊದಲೋ?"

"ಎರಡೂ ಒಟ್ಟಿಗೇ. ಸದ್ದಿಗೇ ಬಿದ್ನೇನೋ ಅನ್ನಿಸ್ತು."

ಗ್ರೆಟಾ ಪೆನ್ನು ಕೆಳಗಿಟ್ಟಳು. ಆರುನೂರು ಗಜದಿಂದ ಬಂದ ಗುಂಡು ಸದ್ದಿಗಿಂತ ಮುಂಚೆ ಮುಟ್ಟುತ್ತದೆ. ಮನುಷ್ಯ ಮೊದಲು ಬೀಳುತ್ತಾನೆ, ಸದ್ದು ಆಮೇಲೆ ಬರುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಬಂದಿದ್ದವು, ಅಂದರೆ ಹೊಡೆದವನು ಹತ್ತಿರದಲ್ಲಿದ್ದ. ಹತ್ತಿರದಿಂದ ಹೊಡೆದ ಗುಂಡು ಅರಳದೆ ಉಳಿಯಬೇಕಾದರೆ ತೋಟಾದಲ್ಲಿ ಮದ್ದು ಕಮ್ಮಿ ಇರಬೇಕು. ಎಷ್ಟು ಕಮ್ಮಿ ಎಂದು ಬಲ್ಲವನು ಯಾರು?

ಸೋಮವಾರ, 8.05. ಅರ್ಲಿನ್‌ನ ಕೊಟ್ಟಿಗೆ. ಗ್ರೆಟಾಳ ಜೊತೆ ಮಿಲ್ಟ್ ಇದ್ದ. ತೋಟಾ ತುಂಬುವವರೆಲ್ಲ ಹೊಸ ಗುಂಡನ್ನು ಒದ್ದೆ ಕಾಗದದ ಕಟ್ಟಿಗೆ ಹೊಡೆದು, ಅದು ಹೇಗೆ ಅರಳಿತೆಂದು ನೋಡಿ, ಎತ್ತಿಡುತ್ತಾರೆ. ಹೆಂಡತಿಯ ಮದುವೆ ಉಂಗುರ ಕಳೆದಾರು, ಆ ಗುಂಡುಗಳನ್ನು ಕಳೆಯರು. ಅರ್ಲಿನ್‌ನ ಕಿಟಕಿಯಲ್ಲಿ ಅಂಥವು ಸಾಲಾಗಿ ಕೂತಿದ್ದವು, ಒಂದೊಂದರ ಕೆಳಗೂ ವೇಗ ಬರೆದ ಚೀಟಿ. 2700ರದು ಪೂರ್ತಿ ಅಣಬೆ. 2400ರದು ಅರೆಬಿರಿದದ್ದು. ಕೊನೆಯದು ಮೊಗ್ಗಿನಂತಿತ್ತು. 1700.

ಗ್ರೆಟಾ ಜೇಬಿನಿಂದ ವೇಡ್‌ನ ಹೊಟ್ಟೆಯ ಗುಂಡು ತೆಗೆದು ಪಕ್ಕಕ್ಕಿಟ್ಟಳು. ಹೆತ್ತ ತಾಯಿಗೂ ಗುರುತು ಸಿಗದಂಥ ಅವಳಿ.

"ಇನ್ನೂರು ಗಜ ದಾಟಿ ಹೊಡೆಯದವನಿಗೆ ಸಾವಿರದ ಏಳ್ನೂರು ಯಾಕೆ ಬೇಕಿತ್ತು, ಅರ್ಲಿನ್?"

ಅರ್ಲಿನ್ ತೋಟಾ ತುಂಬುವ ಯಂತ್ರದ ಕಬ್ಬಿಣದ ಹಿಡಿ ಕಿತ್ತು ಬೀಸಿದ. ಅದು ಮಿಲ್ಟ್‌ನ ದವಡೆಗೆ ಬಿತ್ತು. ಹಲ್ಲುಗಳು ಹಾರಿ ಮದ್ದಿನ ಡಬ್ಬಗಳಿಗೆ ಬಡಿದವು. ದೇವದಾರು ಮರ ಉರುಳಿದಂತೆ ಮಿಲ್ಟ್ ಉರುಳಿದ, ಕೊಟ್ಟಿಗೆಯ ಮಾಡಿನ ಹಿಮವೆಲ್ಲ ಜಾರಿತು. ಅರ್ಲಿನ್ ಗೋಡೆಯ ಕೋವಿಗೆ ಕೈಹಾಕಿದ. ಆರಡಿ ದೂರದಿಂದ ಗ್ರೆಟಾ ಅವನ ತೊಡೆಗೆ ಹೊಡೆದಳು. ಮಾಂಸ ಹರಿದು ಮೂಳೆ ಬೆಳ್ಳಗೆ ಕಂಡಿತು. ಅವನ ಬೆಲ್ಟಿನಿಂದಲೇ ತೊಡೆ ಬಿಗಿದು ರಕ್ತ ನಿಲ್ಲಿಸಿದಳು, ಆಮೇಲೆ ಬೇಡಿ ಹಾಕಿದಳು. 8.11, ಬಂಧನ.

ಆಸ್ಪತ್ರೆಯ ಮಂಚದಲ್ಲಿ ಅವನು ಹೇಳಿಕೆ ಕೊಟ್ಟ. ಆರು ವರ್ಷದ ಹಿಂದೆ ಅವನ ತಮ್ಮ ಲೈಲ್ ಇದೇ ಕಾಡಿನಲ್ಲಿ ಎಲ್ಲಿಂದಲೋ ಬಂದ ಗುಂಡಿಗೆ ಸತ್ತಿದ್ದ. ಹೊಡೆದವನು ಸಿಗಲಿಲ್ಲ. ಕಡತದ ಮೇಲೆ 'ಆಕಸ್ಮಿಕ' ಎಂದು ಬರೆದವಳು ಗ್ರೆಟಾಳೇ.

"ಹೋದ ತಿಂಗಳು ವಿಸ್ಕಿ ಕುಡೀತಾ ವೇಡ್ ಜಂಬ ಕೊಚ್ಚಿದ. ಆ ವರ್ಷ, ಆ ದಿನ, ಆ ಕಣಿವೆ. ಏಳ್ನೂರು ಗಜದಿಂದ ಎಲ್ಕಿಗೆ ಹೊಡ್ದೆ, ತಪ್ತು ಅಂದ. ಹೋಗಿ ನೋಡಿದ್ಯಾ ಅಂತ ಕೇಳ್ದೆ. ಅಷ್ಟು ದೂರ ಯಾರು ನಡೀತಾರೆ ಅಂತ ನಕ್ಕ." ಅರ್ಲಿನ್ ಗೋಡೆಗೆ ತಿರುಗಿದ. "ಲೈಲ್ ಕೆರೆದ ಹಿಮ ನಾನು ನೋಡಿದ್ದೆ. ಸಾಯೋಕೆ ಅಷ್ಟೇ ಹೊತ್ತು ಇವನಿಗೂ ಬೇಕಿತ್ತು."

"ಓರ್ವಿಲ್ ಏನು ಮಾಡಿದ್ದ?"

"ಆಕಸ್ಮಿಕಕ್ಕೆ ಜೈಲಿಲ್ಲ ಅಂದ್ಕೊಂಡಿದ್ದೆ. ಲೈಲ್‌ನ ಕೊಂದವನಿಗೆ ಆಗಿರ್ಲಿಲ್ವಲ್ಲ."

9.40ಕ್ಕೆ ಗ್ರೆಟಾ ಲಾಕಪ್ಪಿನ ಬೀಗ ತೆಗೆದು ಓರ್ವಿಲ್‌ಗೆ ವಿಷಯ ತಿಳಿಸಿದಳು. ಅವನು ಕುತ್ತಿಗೆಯ ಗಾಯ ಮುಟ್ಟಿಕೊಂಡ.

"ಹಾಗಾದ್ರೆ ನನ್ನ ಗುಂಡುಗಳು ಎಲ್ಲಿಗೆ ಹೋದ್ವು, ಸಾರ್ಜೆಂಟ್?"

"ಗೊತ್ತಿಲ್ಲ."

ಓರ್ವಿಲ್ ಬೂಟಿನ ದಾರ ಕಟ್ಟಿಕೊಂಡ. "ನಡೀರಿ, ನೋಡೋಣ," ಎಂದ.