ನಗುಮುಖಗಳ ಕಟ್ಟು

ಹಾಳೆಗಳ ಇಡೀ ಕಟ್ಟಿನಲ್ಲಿ ಒಂದೇ ಒಂದು ಅಳುಮುಖ ಇರಲಿಲ್ಲ. ವಿಜಯಲಕ್ಷ್ಮಿ ಮತ್ತೆ ಮೊದಲಿನಿಂದ ಮಗುಚಿ ನೋಡಿದಳು.

ಮಕ್ಕಳಿಗೆ ಓದು-ಬರಹದ ಮೇಲೆ ಎಷ್ಟು ಒಲವಿದೆ ಎಂದು ಪ್ರತಿವರ್ಷ ಸಮೀಕ್ಷೆ ಮಾಡುವುದು ರೋಣದ ಶಿಕ್ಷಣ ಕಚೇರಿಯಲ್ಲಿ ಅವಳ ಕೆಲಸ. 'ಬರೆಯುವುದೆಂದರೆ ನಿನಗೆ ಹೇಗನಿಸುತ್ತದೆ?' ಪ್ರಶ್ನೆಯ ಕೆಳಗೆ ಒಂದು ನಗುಮುಖ, ಒಂದು ಅಳುಮುಖ. ಮಗು ಒಂದಕ್ಕೆ ಗುರುತು ಹಾಕಬೇಕು. ಗಜೇಂದ್ರಗಡದ ನೇಕಾರರ ಓಣಿಯ ಶಾಲೆಯಿಂದ ಹೋದ ವರ್ಷ ಬಂದದ್ದೆಲ್ಲ ಅಳುಮುಖವೇ. ಈ ವರ್ಷ ಅದೇ ಮಕ್ಕಳು ಒಬ್ಬರೂ ಬಿಡದೆ ನಗುತ್ತಿದ್ದರು.

"ಖೊಟ್ಟಿ ಕಾಗದ," ಎಂದರು ಮೇಲಧಿಕಾರಿ ಪ್ರಭುಲಿಂಗಪ್ಪ. "ಆ ದ್ರಾಕ್ಷಾಯಣಿ ಟೀಚರ್ ತಾನ ಕುಂತು ತುಂಬ್ಯಾಳ. ಸಂಜಿಯೊಳಗ ವರದಿ ಕೊಡ್ರಿ. ಸಸ್ಪೆಂಡ್ ಮಾಡೋಣು."

"ಖಾತ್ರಿ ಆಗಲಿ ತಡೀರಿ ಸರ್."

"ಸಂಜಿ ಅಂದ್ರ ಸಂಜಿ."

ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವುದು ಎಷ್ಟು ಸಲೀಸು! ವಿಜಯಲಕ್ಷ್ಮಿ ಕಟ್ಟನ್ನು ಬಗಲಿಗಿಟ್ಟುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದಳು.

* * *

"ಹುಡುಗ್ರು ತುಂಬೂವಾಗ ನಾ ಹೊರಗ ಕುಂತಿದ್ದೆರಿ. ಯಾರ ಹಾಳಿನೂ ಮುಟ್ಟಿಲ್ಲ," ದ್ರಾಕ್ಷಾಯಣಿ ಶಾಲೆಯ ಬಾಗಿಲಲ್ಲೇ ಹೇಳಿದಳು.

ಸುಳ್ಳು ತುಂಬಲು ಕಾರಣವಂತೂ ಅವಳಿಗಿತ್ತು. ಹೋದ ವರ್ಷದ ಅಳುಮುಖಗಳನ್ನು ನೋಡಿಯೇ ಚನ್ನಬಸವ ಮಾಸ್ತರರನ್ನು ಹೊಳೆಆಲೂರಿನ ಶಾಲೆಗೆ ಎತ್ತಿಹಾಕಿದ್ದರು. ಅವರ ಜಾಗಕ್ಕೆ ಬಂದವಳು ಇವಳು.

ವಿಜಯಲಕ್ಷ್ಮಿ ಹಾಳೆಗಳನ್ನು ಬಿಸಿಲಿಗೆ ಹಿಡಿದಳು. ಅಂಚಿನಲ್ಲಿ ಕೇಸರಿ, ಹಸಿರು ಬೆರಳಚ್ಚು. ಎಲ್ಲವೂ ಚಿಕ್ಕವು. ಈ ಓಣಿಯಲ್ಲಿ ಸೀರೆಯ ಮಗ್ಗಕ್ಕೆ ಬೇಕಾದ ಕಂಡಕಿ ಎಂಬ ಸಣ್ಣ ಉರುಳೆಗಳಿಗೆ ಬಣ್ಣದ ನೂಲು ಸುತ್ತಿಕೊಡುವವರು ಮಕ್ಕಳೇ. ಆ ಬಣ್ಣ ಅವರ ಕೈಯದು.

ಹಾಳೆ ತುಂಬಿದವರು ಮಕ್ಕಳೇ. ಹಾಗಾದರೆ ಟೀಚರ್ ಹೇಳಿ ಬರೆಸಿದಳೇ?

* * *

"ಎಲ್ಲಾರೂ ನಿಮ್ಮ ನಿಮ್ಮ ಹೆಸರು ಬರೀರಿ," ತರಗತಿಗೆ ಹೋಗಿ ವಿಜಯಲಕ್ಷ್ಮಿ ಹೇಳಿದಳು.

ಮೊದಲ ಸಾಲಿನ ಐಶ್ವರ್ಯಾ ತೋರುಬೆರಳನ್ನು ಎತ್ತಿಟ್ಟು, ಪೆನ್ಸಿಲನ್ನು ನಡುಬೆರಳು ಉಂಗುರಬೆರಳುಗಳ ನಡುವೆ ಸಿಕ್ಕಿಸಿಕೊಂಡಳು. ಪಕ್ಕದವಳೂ ಹಾಗೆಯೇ. ಹಿಂದಿನ ಹುಡುಗರೂ ಹಾಗೆಯೇ.

"ಬೆರಳು ತೋರಸವಾ."

ತೋರುಬೆರಳಿನಲ್ಲಿ ನೂಲು ಜಾರಿ ಜಾರಿ ಕೊರೆದ ಗೆರೆ ಹಸಿಯಾಗಿತ್ತು.

"ಬರಿಯೂವಾಗ ನೋಯ್ತದೇನು?"

"ಭಾಳ ನೋಯ್ತದ್ರಿ."

"ಮತ್ತ ನಗೂ ಮುಖಕ್ಕ ಯಾಕ ಗುರುತು ಹಾಕಿದಿ? ಟೀಚರ್ ಹೇಳಿದ್ರೇನು?"

ಹುಡುಗಿ ತಲೆ ತಗ್ಗಿಸಿದಳು. "ಇಲ್ರಿ. ಎಲ್ಲಾರಿಗೂ ನಾನ ಹೇಳೀನ್ರಿ. ಹ್ವಾದ ವರ್ಷ ಅಳೂ ಮುಖಕ್ಕ ಹಾಕಿದ್ವಿ, ಚನ್ನಬಸವ ಸರ್‌ನ ಕಳಿಸಿಬಿಟ್ರಿ. ಬೆರಳು ನೋಯ್ತಾವಂತ ಹಾಕಿದ್ವಿ. ಸರ್ ಏನೂ ಮಾಡಿದ್ದಿಲ್ರಿ."

ವಿಜಯಲಕ್ಷ್ಮಿ ಹಾಳೆಗಳನ್ನು ಮತ್ತೆ ಕಟ್ಟಿಕೊಂಡು ರೋಣದ ಬಸ್ಸು ಹತ್ತಿದಳು.

* * *

"ಸುಳ್ಳು ತುಂಬಿದವರು ಮಕ್ಕಳರೀ ಸರ್," ಸಂಜೆ ಅವಳು ಪ್ರಭುಲಿಂಗಪ್ಪನವರ ಮುಂದೆ ಕಟ್ಟು ಬಿಚ್ಚಿಟ್ಟಳು. "ಈ ಬಣ್ಣ ಅವರ ಬೆರಳಿಂದು. ತೋರಬೆರಳು ಊರಾಕ ಆಗಲಾರದ ಹುಡುಗ್ರು ಬರಿಯೂದು ಚಲೋ ಅನಸ್ತದ ಅಂತಾರ. ಟೀಚರ್ ಉಳೀಲಿ ಅಂತ. ಹ್ಯಾಂಗ ಅನಸ್ತದ ಅಂತ ಕೇಳಿದ್ವಿ. ಯಾಕ ಅಂತ ಕೇಳಲಿಲ್ಲ. ನಮಗ ತಿಳಿದಂಗ ಮಾಸ್ತರರ ತಪ್ಪು ಅಂದ್ವಿ."

ಪ್ರಭುಲಿಂಗಪ್ಪ ಹಾಳೆಗಳ ಅಂಚನ್ನು ಒಂದೊಂದಾಗಿ ನೋಡಿದರು. ಕೊನೆಗೆ, ಆಗಲೇ ಬರೆಸಿಟ್ಟಿದ್ದ ಸಸ್ಪೆಂಡ್ ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು.

* * *

ಮರುದಿನ ವಿಜಯಲಕ್ಷ್ಮಿ ದವಾಖಾನೆಯ ಮುಲಾಮನ್ನೂ ಹೊಸ ಹಾಳೆಗಳನ್ನೂ ಶಾಲೆಗೆ ತಂದಳು. ಐಶ್ವರ್ಯಾ ಪೆನ್ಸಿಲ್ ಹಿಡಿದು ಗುರುತು ಹಾಕದೆ ಕುಳಿತಿದ್ದಳು.

"ಟೀಚರ್‌ನ ಕಳಸಂಗಿಲ್ಲಲ್ರಿ?"

"ಇಲ್ಲವಾ. ಖರೇ ಹೇಳ್ತೀನಿ."

ಹುಡುಗಿ ಅಳುಮುಖಕ್ಕೆ ಒತ್ತಿ ಗುರುತು ಹಾಕಿದಳು. ಆಮೇಲೆ ತಲೆ ಎತ್ತಿದಳು.

"ಚನ್ನಬಸವ ಸರ್ ಯಾವಾಗ ಬರ್ತಾರ್ರಿ?"

ವಿಜಯಲಕ್ಷ್ಮಿ ಮುಲಾಮಿನ ಮುಚ್ಚಳ ತೆಗೆದು ಅವಳ ಬೆರಳನ್ನು ಕೈಗೆತ್ತಿಕೊಂಡಳು.