ಪೆನ್ಸಿಲಿನಲ್ಲಿ ಬರೆದ ಅಂದಾಜು

“ನನ್ನ ಮಕ್ಕಳಿಗೆಲ್ಲ ಸೊನ್ನೆ ಹಾಕಿದವರು ನೀವೇನಾ?”

ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಅವನು ಕೇಳಿದ ರೀತಿಗೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಬಂದು ಇನ್ನೂ ಎರಡು ವಾರವಾಗಿಲ್ಲ, ಇವನ ಗತ್ತು ನೋಡು!

ಪ್ರಶ್ನೆ ಇದ್ದದ್ದು ಇಷ್ಟೇ. ಐದು ಪರಮಾಣುಗಳ ಒಂದು ಉಂಗುರ, ಅದರಲ್ಲಿ ನಾಲ್ಕು ನೈಟ್ರೋಜನ್. ಅದರ ಆಮ್ಲತೆಯ ಅಂಕಿ ಎಷ್ಟು? ಕೋಷ್ಟಕದಲ್ಲಿ 4.9 ಎಂದಿದೆ. ಅವನ ತರಗತಿಯವರೆಲ್ಲ ‘ಸುಮಾರು ಐದು’ ಎಂದು ಗೀಚಿದ್ದರು.

“ಸುಮಾರು ಅನ್ನೋದು ಒಂದು ಉತ್ತರಾನಾ, ಸರ್?”

“ಅವರು ಬಾಯಿಪಾಠ ಮಾಡಿಲ್ಲ ಮೇಡಂ, ಯೋಚನೆ ಮಾಡಿದ್ದಾರೆ. ಒಂದೇ ನೈಟ್ರೋಜನ್ ಇದ್ರೆ ಹದಿನೇಳು. ಇನ್ನೊಂದೊಂದು ಸೇರಿದ ಹಾಗೆಲ್ಲ ಆಮ್ಲತೆ ಏರುತ್ತೆ, ಅಂಕಿ ನಾಲ್ಕರಷ್ಟು ಇಳಿಯುತ್ತೆ. ಮೊದಲು ಪೆನ್ಸಿಲಲ್ಲಿ ಅಂದಾಜು, ಆಮೇಲೆ ಅಳತೆ. ನಾನು ಹೇಳಿಕೊಡೋದೇ ಹಾಗೆ.”

ಸುಳ್ಳೆಂದು ತೋರಿಸಲೇಬೇಕೆಂಬ ಹಟದಲ್ಲಿ ಅವಳು ಮನೆಯಲ್ಲಿ ಲೆಕ್ಕ ಹಾಕಿದಳು. ಹದಿನೇಳು, ಹದಿಮೂರು, ಒಂಬತ್ತು... ಐದು. ಥೂ! ಮರುದಿನ ಹಲ್ಲು ಕಚ್ಚಿಕೊಂಡು ಸೊನ್ನೆಗಳನ್ನೆಲ್ಲ ತಿದ್ದಿಕೊಟ್ಟಳು.

ಅಲ್ಲಿಂದ ದಿನಕ್ಕೊಂದು ಜಗಳ. ಬೋರ್ಡು ಒರೆಸದೆ ಹೋಗುತ್ತಾನೆ, ಅವಳ ಸೀಮೆಸುಣ್ಣ ಎತ್ತಿಕೊಂಡು ಹೋಗುತ್ತಾನೆ, ಬೈದರೆ ನಗುತ್ತಾನೆ. ಸಂಜೆಯಾದರೆ ಅಕ್ಕನ ಮುಂದೆ ಇದೇ ದೂರು. ಕೇಳಿ ಕೇಳಿ ಸಾಕಾದ ಅಕ್ಕ ಒಂದು ದಿನ, “ಬೈಯೋಕಾದ್ರೂ ದಿನಾ ಅವನೇ ಬೇಕಲ್ಲೇ ನಿಂಗೆ” ಎಂದುಬಿಟ್ಟಳು.

‘ಹಾಗೇನಿಲ್ಲ’ ಎಂದು ಅವಳು ಎದ್ದು ಅಡುಗೆಮನೆಗೆ ಹೋದಳು. ಹೌದಾ...?

ಆ ಪ್ರಶ್ನೆ ಇನ್ನೂ ಕೊರೆಯುತ್ತಿರುವಾಗಲೇ, ಮರುದಿನ ಲ್ಯಾಬಿನ ಹೊರಗೆ ಫ್ಲಾಸ್ಕು ತೊಳೆಯುತ್ತಿದ್ದ ಅಟೆಂಡರ್ ಮಾತಿನ ನಡುವೆ ಹೇಳಿದ: ಸರ್ ಬೇರೆ ಕಾಲೇಜಿಗೆ ವರ್ಗ ಕೇಳುತ್ತಿದ್ದಾರಂತೆ, ಇವತ್ತೇ ಅರ್ಜಿ ಕೊಡುತ್ತಾರಂತೆ.

ಅವಳು ಕೈಯಲ್ಲಿದ್ದ ಪುಸ್ತಕ ಅಲ್ಲೇ ಇಟ್ಟಳು. ನನ್ನ ಬಾಯಿಗೆ ಹೆದರಿ ಓಡುತ್ತಿದ್ದಾನೆ... ನೆಟ್ಟಗೆ ಲ್ಯಾಬಿಗೆ ನುಗ್ಗಿದಳು. ಅವನು ಅಂದು ಮೊದಲ ಬಾರಿಗೆ ಬೋರ್ಡು ಒರೆಸುತ್ತಿದ್ದ. ಅದನ್ನು ಕಂಡು ಅವಳಿಗೆ ಅಳುವೇ ಬಂತು.

“ನನ್ನ ಕಾಟ ತಡೀಲಾರದೆ ಹೋಗ್ತಿದ್ದೀರಾ?”

“ಕಾಟ ಅಲ್ಲ ಮೇಡಂ...” ಅವನು ತಿರುಗಲಿಲ್ಲ. “ನಿಮ್ಮನ್ನ ಇಷ್ಟಪಟ್ಟೆ. ಕೇಳಿದ್ರೆ ಇಲ್ಲ ಅಂತೀರಿ ಅನ್ನೋ ಅಂದಾಜಿತ್ತು. ದಿನಾ ನೋಡ್ಕೊಂಡು ಸುಮ್ಮನಿರೋದು ಕಷ್ಟ.”

ಅವಳಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಂಥವನನ್ನು ಕಟ್ಟಿಕೊಂಡು ಏನು ಮಾಡಲಿ!

“ಅಂದಾಜು ಮಾಡಿ, ಅಳತೆ ನೋಡದೇ ಎದ್ದು ಹೋದವರಿಗೆ ಎಷ್ಟು ಮಾರ್ಕ್ಸ್ ಹಾಕ್ತೀರಿ, ಸರ್?”

“...ಸೊನ್ನೆ.”

“ಹಾಗಾದ್ರೆ ಕೇಳಿ ನೋಡಿ.”

ಅವನು ಡಸ್ಟರ್ ಕೆಳಗಿಟ್ಟು, ಸುಣ್ಣದ ಕೈ ಪ್ಯಾಂಟಿಗೆ ಒರೆಸಿಕೊಂಡು, ಮೆಲ್ಲಗೆ ಕೇಳಿದ. ಅವಳು ಹೂಂ ಎಂದಳು. ಮೇಜಿನ ಮೇಲಿದ್ದ ಅವನ ಅರ್ಜಿಯನ್ನು ಎಳೆದುಕೊಂಡು, ಕೆಂಪು ಪೆನ್ನಿನಿಂದ ಈ ತುದಿಯಿಂದ ಆ ತುದಿಗೆ ಗೀಟು ಹಾಕಿದಳು.

“ನನ್ನ ಅಂದಾಜು ಇಷ್ಟೊಂದು ತಪ್ಪಿದ್ದು ಇದೇ ಮೊದಲು,” ಎಂದ ಅವನು, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ.

“ನನ್ನ ವಿಷಯದಲ್ಲಿ ಇನ್ಮೇಲೆ ಅಂದಾಜು ಬೇಡ,” ಎಂದಳು ಅವಳು. “ಕೇಳಿಬಿಡಿ.”